ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ

ಅರಸೀಕೆರೆಯ ಸೀಮೆಯಲ್ಲಿದ್ದ ನಮ್ಮ ಅಜ್ಜಿಯ ಮನೆಯ ತಲೆಬಾಗಿಲ ಮೇಲೆ, ಹಬ್ಬದ ಮಾವಿನ ತೋರಣ ಒಣಗಿ ತರಗಾಗಿ ಉದುರಿಹೋದ ಮೇಲೂ, ಕರಿಯ ದಾರದಲ್ಲಿ ಬೇರುಸಹಿತವಾಗಿ ತಲೆಕೆಳಗಾಗಿ ಕಟ್ಟಿದ ಲೋಳೆಸರದ ಒಂದು ಬುಡ ತೂಗುತ್ತಲೇ ಇರುತ್ತಿತ್ತು. ದೃಷ್ಟಿ ತಾಕದಿರಲೆಂದು ಅದನ್ನು ಹೀಗೆ ಕಟ್ಟುವ ಪದ್ಧತಿ ಕನ್ನಡನಾಡಿನ ಅನೇಕ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಇಂದಿಗೂ ಉಳಿದುಕೊಂಡಿದೆ. ಬೇರಿಗೆ ಮಣ್ಣಿನ ಸಂಪರ್ಕವಿಲ್ಲ, ಹನಿ ನೀರಿನ ಆಸರೆಯಿಲ್ಲ, ಒಲೆಯ ಹೊಗೆಯೂ ಬೀದಿಯ ಧೂಳೂ ತಪ್ಪಿದ್ದಲ್ಲ. ಹೀಗಿದ್ದೂ ಆ ಗಿಡ ತಿಂಗಳುಗಟ್ಟಲೆ ಹಸುರಾಗಿಯೇ ಇದ್ದು, ತಾನು ತಲೆಕೆಳಗಾಗಿರುವುದನ್ನು ಅರಿತುಕೊಂಡಂತೆ ಎಲೆಗಳ ತುದಿಯನ್ನು ಮೆಲ್ಲಮೆಲ್ಲನೆ ಮೇಲಕ್ಕೆ ಬಾಗಿಸಿ, ಒಮ್ಮೊಮ್ಮೆ ಹೂವಿನ ದಂಟನ್ನೂ ಹೊರಡಿಸುತ್ತಿತ್ತು. ಅದರ ಕೆಳಗೆ ದಿನಕ್ಕೆ ಇಪ್ಪತ್ತು ಸಲ ಓಡಾಡುತ್ತಿದ್ದ ನಮಗೆ ಅದರಲ್ಲೇನೂ ಆಶ್ಚರ್ಯ ಕಂಡಿರಲಿಲ್ಲ. ಆಶ್ಚರ್ಯ ಹುಟ್ಟಿದ್ದು ನಲವತ್ತು ವರ್ಷಗಳ ತರುವಾಯ, ಬೆಂಗಳೂರಿನ ಬಾಡಿಗೆ ಮನೆಯ ಕಿಟಕಿಯಲ್ಲಿ ಅಂಥದೇ ಸ್ವಭಾವದ ಮತ್ತೊಂದು ಗಿಡವನ್ನು, ಕುಂಡ, ಮಣ್ಣು, ಗೊಬ್ಬರ, ನೀರು ಎಲ್ಲವನ್ನೂ ಯಥೇಚ್ಛವಾಗಿ ಒದಗಿಸಿ, ನಾನು ನಾಲ್ಕೇ ತಿಂಗಳಲ್ಲಿ ಕೊಂದಾಗ.

ಅದನ್ನು ಜೇಡ್ ಗಿಡವೆಂದು ಹೇಳಿ ಕೊಟ್ಟಿದ್ದರು. ಉಗುರಿನಷ್ಟು ಅಗಲದ, ದಪ್ಪನಾದ ದುಂಡು ಎಲೆ, ಕೆಂಪು ಬಣ್ಣದ ಕಾಂಡ. ಮಾರಿದ ನರ್ಸರಿಯವರು, "ಸಾರ್, ಇದಕ್ಕೆ ಏನೂ ಮಾಡಬೇಡಿ, ತಗೊಂಡು ಹೋಗಿ ಇಟ್ಟು ಮರೆತುಬಿಡಿ" ಎಂದು ಉಪದೇಶಿಸಿದರು. ಮನೆಗೆ ತಂದರೆ ನಮ್ಮ ತಾಯಿಯವರು, "ತುಳಸಿಗೆ ಹಾಕುವಾಗ ಇದಕ್ಕೂ ಒಂದು ಚೊಂಬು ಹಾಕಪ್ಪ, ಅದಕ್ಕೂ ಬಾಯಾರಿಕೆ ಇರೋದಿಲ್ಲವೇ" ಎಂದರು. ಮಾರುವವನ ಮಾತಿಗಿಂತ ತಾಯಿಯ ಮಾತು ದೊಡ್ಡದೆಂದು ತಿಳಿದು ನಾನು ದಿನಂಪ್ರತಿ ಸ್ನಾನಾನಂತರ ಎರಡಕ್ಕೂ ನೀರೆರೆದೆ. ಚೈತ್ರ ವೈಶಾಖಗಳು ಹೇಗೋ ಕಳೆದುವು. ಆಷಾಢದ ಜಡಿಮಳೆ ಹಿಡಿದ ಒಂದು ವಾರದಲ್ಲಿ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದೊಡನೆ ಕಳಚಿ ಬೀಳತೊಡಗಿದುವು. ಕಾಂಡವನ್ನು ಹಿಡಿದೆತ್ತಿದರೆ ಅದು ಬೇರನ್ನು ಮಣ್ಣಿನಲ್ಲಿಯೇ ಬಿಟ್ಟು, ಕೊಳೆತ ಈರುಳ್ಳಿಯ ವಾಸನೆಯೊಡನೆ ಕೈಗೆ ಬಂದಿತು. ತುಳಸಿ ಮಾತ್ರ ಸೊಂಪಾಗಿತ್ತು.

ಈ ಜಾತಿಯ ಗಿಡಗಳನ್ನು ಸಸ್ಯಶಾಸ್ತ್ರಜ್ಞರು ರಸಭರಿತ ಸಸ್ಯಗಳೆಂದೂ, ನರ್ಸರಿಗಳಲ್ಲಿ ಎಲ್ಲರೂ ಸಕ್ಯುಲೆಂಟ್ ಎಂದೂ ಕರೆಯುತ್ತಾರೆ. ಜಾತಿ ಎಂದೆನಾದರೂ ಇದು ಕುಲವನ್ನು ಸೂಚಿಸುವ ಹೆಸರಲ್ಲ. ವೃತ್ತಿಯನ್ನು ಸೂಚಿಸುವ ಹೆಸರು. ಎಲೆಯಲ್ಲೋ ಕಾಂಡದಲ್ಲೋ ಬೇರಿನಲ್ಲೋ ನೀರನ್ನು ಕೂಡಿಟ್ಟುಕೊಂಡು ಬರಗಾಲವನ್ನು ದಾಟುವ ವಿದ್ಯೆ ಯಾವ ಯಾವ ಗಿಡಕ್ಕೆ ಸಿದ್ಧಿಸಿದೆಯೋ ಅವೆಲ್ಲವೂ, ಪರಸ್ಪರ ರಕ್ತಸಂಬಂಧವಿಲ್ಲದಿದ್ದರೂ, ಈ ಹೆಸರಿಗೆ ಬಾಧ್ಯವಾಗುತ್ತವೆ. ಅರಬ್ಬೀ ಪರ್ಯಾಯದ್ವೀಪದ ಲೋಳೆಸರ, ದಕ್ಷಿಣ ಆಫ್ರಿಕದ ಜೇಡ್, ಮೆಕ್ಸಿಕೋ ದೇಶದ ಗುಡ್ಡಗಾಡುಗಳಿಂದ ಬಂದು ಕಮಲದ ಆಕೃತಿಯಲ್ಲಿ ಎಲೆ ಹರಡುವ ಎಚೆವೇರಿಯ, ನಮ್ಮದೇ ಬೇಲಿಗಳ ಕಳ್ಳಿ, ಇವೆಲ್ಲ ಬೇರೆ ಬೇರೆ ವಂಶದವು. ಕಳ್ಳಿಯನ್ನೂ ಅಮೆರಿಕದ ಕ್ಯಾಕ್ಟಸ್ಸನ್ನೂ ಒಂದೇ ಎಂದು ಭಾವಿಸುವವರು ಬಹಳ. ಮುಳ್ಳು, ಪಕ್ಕೆ, ಹಸುರು ಕಾಂಡ ಎಲ್ಲವೂ ಎರಡಕ್ಕೂ ಸಮಾನವಾಗಿರುವುದರಿಂದ ಈ ಭ್ರಮೆ ಅಸಹಜವೂ ಅಲ್ಲ. ಆದರೆ ಗೀರಿದರೆ ನಮ್ಮ ಕಳ್ಳಿ ಹಾಲು ಸುರಿಸುತ್ತದೆ. ಕ್ಯಾಕ್ಟಸ್ಸಿನಲ್ಲಿ ಸಾಮಾನ್ಯವಾಗಿ ಬರುವುದು ನೀರಿನಂಥ ರಸ. ಮರುಭೂಮಿಯ ಒಂದೇ ಪಾಠವನ್ನು ಎರಡು ಖಂಡಗಳಲ್ಲಿ ಎರಡು ಕುಲಗಳು ಪ್ರತ್ಯೇಕವಾಗಿ ಓದಿ ಒಂದೇ ಉತ್ತರವನ್ನು ಬರೆದಿವೆ. ಹೊಲದ ಬದುವಿನ ಪಾಪಾಸುಕಳ್ಳಿಗೆ ಕಳ್ಳಿಯೆಂಬ ಹೆಸರಿದ್ದರೂ ಅದು ನಿಜವಾಗಿ ಅಮೆರಿಕದಿಂದ ಬಂದ ಕ್ಯಾಕ್ಟಸ್ಸು. ಪಾಪಾಸು ಎಂದರೆ ಪಾದರಕ್ಷೆ, ಪಾರಸೀ ಮೂಲದ ಮಾತು. ಚಪ್ಪಲಿಯ ಅಟ್ಟೆಯನ್ನು ಒಂದರ ಮೇಲೊಂದು ಅಂಟಿಸಿದಂತಿರುವ ಆ ಗಿಡಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತನೂ ಇಡಲಾರ.

ಕುಂಡದ ಗಿಡವನ್ನು ಸಾಕುವ ಬಗೆಯನ್ನು ಹೇಳುವ ಮುನ್ನ ಒಂದು ಎಲೆಯ ರುಚಿಯ ವಿಷಯವನ್ನು ಹೇಳಬೇಕಾಗಿದೆ. ಏಕೆಂದರೆ ಆರೈಕೆಯ ಎಲ್ಲ ನಿಯಮಗಳೂ ಆ ರುಚಿಯಲ್ಲಿ ಅಡಗಿವೆ.

ಬೆಂಜಮಿನ್ ಹೇಯ್ನ್ ಎಂಬ ಜರ್ಮನ್ ವೈದ್ಯ, ಮೊರೇವಿಯನ್ ಪಂಥದ ಮಿಷನರಿಯಾಗಿ ಈ ದೇಶಕ್ಕೆ ಬಂದು, ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿ ಸೇವೆಗೆ ಸೇರಿದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕರ್ನಲ್ ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ಅವನು ದುಡಿದನು. ಹೈದರ್ ಅಲಿ ನೆಡಿಸಿದ ಲಾಲ್‌ಬಾಗಿನ ಮೇಲ್ವಿಚಾರಣೆಯೂ ಕೆಲಕಾಲ ಅವನ ಪಾಲಿಗೆ ಬಂದಿತ್ತು. ಮಡಗಾಸ್ಕರಿನಿಂದ ಬಂದು ನಮ್ಮ ಹಿತ್ತಲುಗಳಲ್ಲಿ ನೆಲೆಸಿ, ಕಾಡುಬಸಳೆಯೆಂಬ ಕನ್ನಡದ ಹೆಸರನ್ನು ಪಡೆದಿರುವ ಗಿಡದ ಎಲೆಯನ್ನು ಅವನು ದಿನದ ಬೇರೆ ಬೇರೆ ಹೊತ್ತುಗಳಲ್ಲಿ ಅಗಿದು ನೋಡಿದನು. ಬೆಳಗಿನಲ್ಲಿ ಎಲೆ ಹುಳಿ. ಹೊತ್ತೇರಿದಂತೆ ಹುಳಿ ಇಳಿದು ನಡುಹಗಲಿಗೆ ಸಪ್ಪೆ. ಸಂಜೆಯ ವೇಳೆಗೆ ಸ್ವಲ್ಪ ಕಹಿ. ಈ ವಿಚಿತ್ರವನ್ನು ಅವನು ಲಂಡನ್ನಿನ ಲಿನಿಯನ್ ಸೊಸೈಟಿಯ ಲ್ಯಾಂಬರ್ಟನಿಗೆ ಪತ್ರಮುಖೇನ ತಿಳಿಸಲಾಗಿ, ಅದು 1815ರಲ್ಲಿ ಆ ಸಂಘದ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಎಷ್ಟೋ ಜನ ಸಸ್ಯಗಳನ್ನು ಕಣ್ಣಿನಿಂದ ಅಭ್ಯಾಸಮಾಡಿದರು. ನಾಲಗೆಯಿಂದ ಅಭ್ಯಾಸಮಾಡಿದ ಈ ಪುಣ್ಯಾತ್ಮನಿಗೆ ಸಿಕ್ಕಿದ ಸಂಗತಿ ಮಾತ್ರ ಇಂದು ಸಸ್ಯಶಾಸ್ತ್ರದ ಪಠ್ಯಗಳಲ್ಲಿ ಸ್ಥಾನ ಪಡೆದಿದೆ.

ಹುಳಿಯ ಕಾರಣ ಇದು. ಸಾಮಾನ್ಯವಾದ ಗಿಡಗಳು ಎಲೆಯಲ್ಲಿರುವ ಸೂಕ್ಷ್ಮರಂಧ್ರಗಳನ್ನು ಹಗಲಿನಲ್ಲಿ ತೆರೆದು, ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಒಳಗೆ ತೆಗೆದುಕೊಂಡು, ಅದೇ ಹೊತ್ತಿನ ಬಿಸಿಲಿನಿಂದ ಅದನ್ನು ಸಕ್ಕರೆಯಾಗಿ ಪರಿವರ್ತಿಸುತ್ತವೆ. ಆದರೆ ಬಾಗಿಲು ತೆರೆದಾಗ ಅತಿಥಿ ಒಳಗೆ ಬರುವಂತೆಯೇ ಮನೆಯೊಳಗಿನ ತೇವವೂ ಹೊರಗೆ ಹೋಗುತ್ತದೆ. ಸುಡುಬಿಸಿಲಿನಲ್ಲಿ ಆ ನಷ್ಟ ಅಪಾರ. ಮರುಭೂಮಿಯ ರಸಭರಿತ ಸಸ್ಯಗಳಲ್ಲಿ ಬಹುಪಾಲು ಈ ಕ್ರಮವನ್ನು ತಿರುವುಮುರುವಾಗಿ ನಡೆಸುತ್ತವೆ. ಹಗಲೆಲ್ಲ ರಂಧ್ರಗಳನ್ನು ಮುಚ್ಚಿ, ಇರುಳ ತಂಪಿನಲ್ಲಿ ತೆರೆದು, ಒಳಗೆ ಬಂದ ವಾಯುವನ್ನು ಮ್ಯಾಲಿಕ್ ಆಮ್ಲವೆಂಬ, ಸೇಬಿನ ಹುಳಿಗೂ ಕಾರಣವಾದ ಆಮ್ಲದ ರೂಪದಲ್ಲಿ ಎಲೆಯ ಕೋಶಗಳಲ್ಲಿ ತುಂಬಿಟ್ಟುಕೊಂಡು, ಬೆಳಕು ಹರಿದೊಡನೆ ಕದವನ್ನು ಹಾಕಿ, ಕೂಡಿಟ್ಟ ಆಮ್ಲವನ್ನು ಒಡೆದು ಒಳಗಿಂದೊಳಗೇ ಅಡಿಗೆ ಮಾಡಿಕೊಳ್ಳುತ್ತವೆ. ಬೆಳಗ್ಗೆ ಉಗ್ರಾಣ ತುಂಬಿರುತ್ತದೆ, ಆದುದರಿಂದ ಹುಳಿ. ಮಧ್ಯಾಹ್ನಕ್ಕೆ ಬರಿದಾಗುತ್ತ ಬರುತ್ತದೆ, ಆದುದರಿಂದ ಸಪ್ಪೆ. ಒಂದು ಗ್ರಾಂ ಇಂಗಾಲಾಮ್ಲ ವಾಯುವನ್ನು ಸಂಪಾದಿಸುವುದಕ್ಕೆ ಸಾಮಾನ್ಯ ಗಿಡವೊಂದು 400ರಿಂದ 500 ಗ್ರಾಂ ನೀರನ್ನು ಗಾಳಿಗೆ ತೆರಬೇಕಾದರೆ, ಈ ರಾತ್ರಿಸಂಪಾದಕರಿಗೆ 50ರಿಂದ 100 ಗ್ರಾಂ ಸಾಕಾಗುತ್ತದೆ. ಬನವಾಸಿಯ ಕಡೆಯ ಹೊಲಗಳಲ್ಲಿ ಬೆಳೆಯುವ ಅನಾನಸಿನದೂ ಇದೇ ಸಂಸಾರಕ್ರಮ.

ನನ್ನ ಚೊಂಬಿನ ನೀರಿಗೆ ಏನಾಯಿತೆಂಬುದು ಈಗ ಸ್ಪಷ್ಟವಾಗುತ್ತದೆ. ತುಳಸಿ ಎರೆದುದನ್ನೆಲ್ಲ ಹಗಲಿನಲ್ಲಿ ಕುಡಿದು ಗಾಳಿಗೆ ಬಿಡುತ್ತಿತ್ತು. ಪಕ್ಕದ ಜೇಡ್ ಗಿಡಕ್ಕೆ ಅದರ ಅಲ್ಪಾಂಶವೂ ಬೇಕಿರಲಿಲ್ಲವಾದ್ದರಿಂದ ಉಳಿದ ನೀರು ಕುಂಡದಲ್ಲಿಯೇ ನಿಂತಿತು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಣ ಅವಕಾಶವನ್ನೆಲ್ಲ ನೀರು ಆಕ್ರಮಿಸಿದಾಗ ಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರಿನ ಮೂಲಕ ಶಿಲೀಂಧ್ರಗಳು ಕಾಂಡಕ್ಕೆ ಏರುತ್ತವೆ. ಕ್ರೂರವಾದ ಸಂಗತಿಯೆಂದರೆ, ಬೇರು ಸತ್ತ ಗಿಡ ನೀರನ್ನು ಹೀರಲಾರದೆ ಮೊದಮೊದಲು ಬಾಡಿದಂತೆ ಕಾಣುತ್ತದೆ. ಯಜಮಾನನು ಕನಿಕರಗೊಂಡು ಇನ್ನೊಂದು ಚೊಂಬನ್ನು ಸುರಿಯುತ್ತಾನೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ನೀರು? ಕೇಳುವವರೆಲ್ಲರೂ ಒಂದು ಅಂಕಿಯನ್ನು ಬಯಸುತ್ತಾರೆ; ವಾರಕ್ಕೊಂದು ಸಲ ಎಂದು ಬರೆದುಕೊಡುವ ನರ್ಸರಿಯ ಚೀಟಿಗಳೂ ಉಂಟು. ಹುಬ್ಬಳ್ಳಿಯ ಏಪ್ರಿಲ್ ತಿಂಗಳಿಗೂ ಮಡಿಕೇರಿಯ ಜುಲೈ ತಿಂಗಳಿಗೂ ಒಂದೇ ಅಂಕಿ ಸಲ್ಲುವುದೆಂದು ನಂಬುವುದು ಪಂಚಾಂಗ ನೋಡಿ ಊಟಮಾಡಿದಂತೆ. ನೋಡಬೇಕಾದುದು ದಿನವನ್ನಲ್ಲ, ಮಣ್ಣನ್ನು. ತೆಂಗಿನ ಕಡ್ಡಿಯ ಪೊರಕೆಯಿಂದ ಒಂದು ಕಡ್ಡಿಯನ್ನು ಎಳೆದುಕೊಂಡು ಕುಂಡದ ತಳದವರೆಗೂ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಅದಕ್ಕೆ ಮಣ್ಣು ಮೆತ್ತಿದ್ದರೆ, ತುದಿ ತಣ್ಣಗಿದ್ದರೆ, ನೀರು ಬೇಡ. ಒಣಗಿದ ಕಡ್ಡಿ ಒಣಗಿಯೇ ಬಂದರೆ, ಕೆಳಗಿನ ಎಲೆಗಳೂ ಮುದುಕರ ಬೆರಳ ತುದಿಯಂತೆ ಕೊಂಚ ಸುಕ್ಕಾಗಿದ್ದರೆ, ಆಗ ನೀರು. ಅದೂ ಚಮಚದಲ್ಲಿ ಅಳೆದಲ್ಲ, ತಳದ ರಂಧ್ರದಿಂದ ಧಾರೆಯಾಗಿ ಹರಿಯುವವರೆಗೆ. ದಿನಕ್ಕೊಂದು ಚಮಚ ನೀರು ಕೊಡುವವರು ಮೇಲಿನ ಒಂದಂಗುಲವನ್ನು ಸದಾ ಹಸಿಯಾಗಿಯೂ ಅದರ ಕೆಳಗಣ ಬೇರನ್ನು ಸದಾ ಹಸಿವಿನಲ್ಲಿಯೂ ಇಡುತ್ತಾರೆ. ಮರುಭೂಮಿಯಲ್ಲಿ ಮಳೆ ಬಂದರೆ ಧೋ ಎಂದು ಬಂದು ಹೋಗುತ್ತದೆ, ಆಮೇಲೆ ದೀರ್ಘಕಾಲ ಮುಖ ತೋರಿಸುವುದಿಲ್ಲ. ಕುಂಡದ ಮಳೆಯೂ ಆ ರೀತಿಯದೇ ಆಗತಕ್ಕದ್ದು. ಹೊತ್ತು ಬೆಳಗಿನದಾದರೆ ಒಳ್ಳೆಯದು, ಎಲೆಯ ಸಂದಿಯಲ್ಲಿ ನಿಂತ ಹನಿ ಹಗಲಿನಲ್ಲಿ ಆರಿಹೋಗುತ್ತದೆ. ತಳದ ತಟ್ಟೆಯಲ್ಲಿ ನಿಂತ ನೀರನ್ನು ಮರೆಯದೆ ಚೆಲ್ಲಬೇಕು. ಕೊಳವೆಬಾವಿಯ ಗಡಸು ನೀರು ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪನ್ನು ಕಟ್ಟಿಸುತ್ತದೆ. ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುವ ಅನುಕೂಲವಿದ್ದವರು ಅದನ್ನೇ ಹಾಕಲಿ.

ಎಲೆಯ ಸುಕ್ಕಿಗೂ ಎಲೆಯ ಕೊಳೆತಕ್ಕೂ ಇರುವ ಭೇದವನ್ನು ಕಣ್ಣಿಗೆ ಕಲಿಸಿಕೊಂಡರೆ ಅರ್ಧ ವಿದ್ಯೆ ಬಂದಂತೆಯೇ. ಬಾಯಾರಿದ ಎಲೆ ತೆಳುವಾಗಿ, ಮೆದುವಾಗಿ, ಗೆರೆಗೆರೆಯಾಗಿ, ಆದರೆ ತನ್ನ ಬಣ್ಣದಲ್ಲಿಯೇ ಇರುತ್ತದೆ. ನೀರು ಹೆಚ್ಚಾದ ಎಲೆ ಹಳದಿಗೆ ತಿರುಗಿ, ಉಬ್ಬಿ, ಒಳಗಿನ ದೀಪ ಕಾಣುವಂತೆ ಪಾರದರ್ಶಕವಾಗುತ್ತದೆ. ಮೊದಲನೆಯದು ಒಂದೆರಡು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಎರಡನೆಯದಕ್ಕೆ ಚಿಕಿತ್ಸೆಯಿಲ್ಲ, ಮೇಲಿನ ಆರೋಗ್ಯವಂತ ತುದಿಯನ್ನು ಕತ್ತರಿಸಿ ಪ್ರತ್ಯೇಕವಾಗಿ ಊರಿಕೊಳ್ಳುವುದೊಂದೇ ಮಾರ್ಗ.

ಮಣ್ಣಿನ ವಿಚಾರಕ್ಕೆ ಬಂದರೆ, ನರ್ಸರಿಯಿಂದ ಬರುವ ಎಳೆಯ ಗಿಡ ಸಾಮಾನ್ಯವಾಗಿ ತೆಂಗಿನ ನಾರಿನ ಹುಡಿಯಲ್ಲಿ, ಅಂದರೆ ಕೊಕೊಪೀಟಿನಲ್ಲಿ, ಕುಳಿತು ಬರುತ್ತದೆ. ಸಾಗಿಸುವವರಿಗೆ ಅದು ಹಗುರ, ಸಾಕುವವರಿಗೆ ತೊಂದರೆ. ನೆನೆದರೆ ಸ್ಪಂಜಿನಂತೆ ನೀರನ್ನು ಬಿಡದು.  ತಂದ ಒಂದೆರಡು ವಾರಗಳಲ್ಲಿ ಗಿಡವನ್ನು ಬಿಡಿಸಿ, ಬೇರಿನ ಸುತ್ತಲ ಹುಡಿಯನ್ನು ಮೃದುವಾಗಿ ಉದುರಿಸಿ, ಒಂದು ಪಾಲು ಕೆಮ್ಮಣ್ಣಿಗೆ ಎರಡು ಪಾಲು ದಪ್ಪ ಮರಳೋ ಜೋಳದ ಕಾಳಿನಷ್ಟು ಗಾತ್ರಕ್ಕೆ ಜಜ್ಜಿದ ಇಟ್ಟಿಗೆಯ ಚೂರೋ ಸೇರಿಸಿ, ಒಂದು ಹಿಡಿ ಹಳೆಯ ಗೊಬ್ಬರವನ್ನೂ ಸ್ವಲ್ಪ ಇದ್ದಿಲ ಚೂರನ್ನೂ ಬೆರೆಸಿದ ಮಿಶ್ರಣದಲ್ಲಿ ಕೂರಿಸಬೇಕು. ಮರಳಿನ ಬದಲು ಎಂ-ಸ್ಯಾಂಡನ್ನು ಬಳಸುವವರು ಜರಡಿ ಹಿಡಿದು ಅದರ ನುಣ್ಣನೆಯ ಹುಡಿಯನ್ನು ಬಿಸುಡಬೇಕು. ಆ ಹುಡಿ ನೀರು ಸೇರಿದರೆ ಗಾರೆಯಂತೆ ಬಿಗಿಯುತ್ತದೆ. ಹೊಸದಾಗಿ ನೆಟ್ಟ ಗಿಡಕ್ಕೆ ತಕ್ಷಣ ನೀರೆರೆಯುವುದು ನಮ್ಮ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಲ್ಲಿ ಆ ಕೈಯನ್ನು ಕಟ್ಟಿಹಾಕಿ ನಾಲ್ಕೈದು ದಿನ ಬಿಟ್ಟರೆ, ಬಿಡಿಸುವಾಗ ಬೇರಿಗಾದ ಗಾಯ ಒಣಗಿಕೊಳ್ಳುತ್ತದೆ.

ಕುಂಡ ಮಣ್ಣಿನದಾಗಿರಲಿ. ಕುಂಬಾರನ ಕುಂಡಕ್ಕೆ ಮೈಯೆಲ್ಲ ಉಸಿರು. ಬೇಸಿಗೆಯಲ್ಲಿ ನೀರನ್ನು ತಣ್ಣಗಿಡುವ ಮಡಕೆಯ ಗುಣವೇ ಇಲ್ಲಿಯೂ ಕೆಲಸಮಾಡಿ, ಹೆಚ್ಚಾದ ತೇವವನ್ನು ಗೋಡೆಯ ಮೂಲಕ ಹೊರಗೆ ಕಳುಹಿಸುತ್ತದೆ. ಗಾತ್ರ ಗಿಡಕ್ಕಿಂತ ಎರಡು ಬೆರಳು ಅಗಲವಾಗಿದ್ದರೆ ಸಾಕು. ಬೆಳೆಯಲಿ ಎಂದು ದೊಡ್ಡ ಕುಂಡದಲ್ಲಿಟ್ಟರೆ, ಬೇರು ಮುಟ್ಟದ ಮಣ್ಣೆಲ್ಲ ವೃಥಾ ಹಸಿಯಾಗಿರುತ್ತದೆ. ತಳದಲ್ಲಿ ಒಂದು ರಂಧ್ರವಾದರೂ ಇರಲೇಬೇಕೆಂಬುದನ್ನು ಹೇಳಬೇಕಾಗಿ ಬಂದಿರುವುದಕ್ಕೆ ನನಗೆ ವ್ಯಸನವಿದೆ, ಏಕೆಂದರೆ ಗೃಹಪ್ರವೇಶಕ್ಕೂ ಹುಟ್ಟುಹಬ್ಬಕ್ಕೂ ಉಡುಗೊರೆಯಾಗಿ ಬರುವ ಗಾಜಿನ ಬಟ್ಟಲುಗಳಲ್ಲಿ, ಪಿಂಗಾಣಿಯ ಲೋಟಗಳಲ್ಲಿ, ಅದು ಇರುವುದಿಲ್ಲ. ಇನ್ನು ರಂಧ್ರದ ಮೇಲೆ ಮೂರಂಗುಲ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ನಾನೂ ನಂಬಿದ್ದೆ. ಒಗೆದು ಹರವಿದ ಪಂಚೆಯ ಮೇಲ್ಭಾಗ ಬೇಗ ಒಣಗಿದರೂ ಕೆಳಗಿನ ಅಂಚು ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದಷ್ಟೆ. ಕುಂಡದ ಮಣ್ಣಿಗೂ ಅಂಥ ಒಂದು ಒದ್ದೆಯ ಅಂಚು ಉಂಟು. ನುಣುಪು ಮಣ್ಣಿನಲ್ಲಿ ಹಿಡಿದು ನಿಂತ ನೀರು, ಆ ಅಂಚು ತುಂಬಿ ತುಳುಕುವವರೆಗೆ ಕೆಳಗಿನ ಜಲ್ಲಿಗೆ ಇಳಿಯುವುದಿಲ್ಲ. ಜಲ್ಲಿಯನ್ನು ತುಂಬಿದುದರಿಂದ ಆದ ಲಾಭವೆಂದರೆ ಆ ಅಂಚು ಮೂರಂಗುಲ ಮೇಲಕ್ಕೆ, ಬೇರಿನ ಸಮೀಪಕ್ಕೆ, ಏರಿದ್ದು ಮಾತ್ರ. ಜಲ್ಲಿಯನ್ನು ತಳದಲ್ಲಿ ಹಾಸುವುದಕ್ಕಿಂತ ಮಣ್ಣಿನಲ್ಲಿ ಬೆರೆಸುವುದು ಮೇಲು.

ಬೆಳಕಿನ ಬಗ್ಗೆ ಪರದೇಶದ ಪುಸ್ತಕಗಳನ್ನು ಓದಿ ಮೋಸಹೋಗಬಾರದು. ದಕ್ಷಿಣದ ಕಿಟಕಿಯಲ್ಲಿಡಿ ಎಂದು ಅವು ಒಕ್ಕೊರಲಿನಿಂದ ಹೇಳುತ್ತವೆ. ಲಂಡನ್ನಿನಲ್ಲಿ ಸೂರ್ಯನು ವರ್ಷಪೂರ್ತಿ ನಡುಹಗಲಿನಲ್ಲಿ ದಕ್ಷಿಣಕ್ಕೇ ಇರುವುದರಿಂದ ಅಲ್ಲಿಗೆ ಅದು ಸರಿ. ಬೆಂಗಳೂರು ಭೂಮಧ್ಯರೇಖೆಯಿಂದ ಕೇವಲ 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಂತು, ಕಂಬಗಳ ನೆರಳು ಬುಡದಲ್ಲಿಯೇ ಅಡಗುವುದನ್ನು ಶಾಲೆಯ ಮಕ್ಕಳು ಶೂನ್ಯನೆರಳಿನ ದಿನವೆಂದು ಈಗ ಅಂಗಳದಲ್ಲಿ ನಿಂತು ನೋಡುತ್ತಾರೆ. ಅಂದಿನಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯನಿರುವುದು ನಮ್ಮ ಉತ್ತರದ ಆಕಾಶದಲ್ಲಿ. ಮೇ ತಿಂಗಳಲ್ಲಿ ಉತ್ತರದ ಕಿಟಕಿಗೆ ಬಿಸಿಲು ಇಣುಕುತ್ತದೆ, ಮಾರ್ಗಶಿರದಲ್ಲಿ ದಕ್ಷಿಣದ ಕಿಟಕಿ ಬೆಳಗುತ್ತದೆ. ಈ ದಕ್ಷಿಣಾಯನ ಉತ್ತರಾಯಣಗಳ ಗೊಡವೆಯಿಲ್ಲದೆ ಎಲ್ಲ ಕಾಲಕ್ಕೂ ಒದಗುವುದು ಪೂರ್ವದ ಕಿಟಕಿ. ಬೆಳಗಿನ ಮೂರು ನಾಲ್ಕು ಗಂಟೆಗಳ ಎಳೆಬಿಸಿಲು ಬಿದ್ದು, ಇಳಿಹೊತ್ತಿನ ಖಾರಬಿಸಿಲು ತಪ್ಪುವ ಸ್ಥಳ ಈ ಗಿಡಗಳಲ್ಲಿ ಬಹುಪಾಲಿಗೆ ಹಿತ. ಬೆಳಕು ಸಾಲದಾದಾಗ ಗಿಡ ಕತ್ತನ್ನು ನೀಡಿ, ಎಲೆಗೂ ಎಲೆಗೂ ನಡುವೆ ಅಂತರ ಬಿಟ್ಟು, ಪೇಲವವಾಗಿ ಉದ್ದಕ್ಕೆ ಬೆಳೆಯುತ್ತದೆ. ಚೆನ್ನಾಗಿ ಬೆಳೆಯಿತೆಂದು ಸಂತೋಷಪಡುವವರನ್ನು ನಾನು ಕಂಡಿದ್ದೇನೆ. ಅದನ್ನು ಸರಿಪಡಿಸುವೆನೆಂದು ಥಟ್ಟನೆ ತಾರಸಿಯ ಬಿಸಿಲಿಗೆ ಇಟ್ಟರೆ ಎಲೆಗಳ ಮೇಲೆ ಬಿಳಿಯ ಬೊಬ್ಬೆಯಂಥ ಸುಟ್ಟ ಕಲೆಗಳಾಗಿ ಉಳಿಯುತ್ತವೆ. ದಿನಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತ ಎರಡು ವಾರದಲ್ಲಿ ರೂಢಿಮಾಡಿಸಬೇಕು. ಎಚೆವೇರಿಯದ ಎಲೆಗಳ ಮೇಲಿರುವ ವಿಭೂತಿಯಂಥ ಬೂದು ಲೇಪವನ್ನು ಧೂಳೆಂದು ತಿಳಿದು ಒರಸಿಬಿಡುವವರುಂಟು. ಅದು ಮೇಣ, ಬಿಸಿಲಿನಿಂದ ರಕ್ಷಿಸಿಕೊಳ್ಳಲು ಗಿಡ ತಾನೇ ಹೊದ್ದ ಹೊದಿಕೆ. ಒರಸಿದ ಎಲೆಯ ಮೇಲೆ ಬೆರಳಿನ ಗುರುತು ಕಡೆಯವರೆಗೂ ಹೋಗದು.

ರಾತ್ರಿ ಉಸಿರಾಡುವ ಗಿಡಕ್ಕೆ ರಾತ್ರಿ ತಂಪಾಗಿರಬೇಕು ಎಂಬುದು ಆ ಹುಳಿರುಚಿಯಿಂದ ಹೊರಡುವ ಇನ್ನೊಂದು ಉಪಸಿದ್ಧಾಂತ. ಬೆಂಗಳೂರು, ಮೈಸೂರು, ಹಾಸನಗಳ ಇರುಳು ಸಾಮಾನ್ಯವಾಗಿ ಈ ಗಿಡಗಳಿಗೆ ಒಪ್ಪುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿಯೂ ನೀರು. ಮೆಕ್ಸಿಕೋ ಬೆಟ್ಟದ ಎಚೆವೇರಿಯ ಅಲ್ಲಿ ಸೊರಗಿದರೆ ಸಾಕಿದವರ ತಪ್ಪಲ್ಲ. ಕರಾವಳಿಯವರು ಲೋಳೆಸರ, ಕಾಡುಬಸಳೆಗಳಂಥ ಗಟ್ಟಿ ಪಿಂಡಗಳನ್ನು ಆರಿಸಿಕೊಳ್ಳುವುದು ವಿವೇಕ. ಮಲೆನಾಡಿನವರ ಕಷ್ಟ ಮಳೆಯದು. ಮುಂಗಾರು ಕಾಲಿಟ್ಟ ದಿನ ಕುಂಡಗಳನ್ನು ಸೂರಿನಡಿಗೆ, ಗಾಳಿಯಾಡುವ ಜಗಲಿಗೆ, ಎತ್ತಿಟ್ಟು, ಮಳೆ ಹೊಳವಾಗುವವರೆಗೆ ನೀರಿನ ಮಾತನ್ನೇ ಮರೆಯಬಹುದು. ಚಳಿಗಾಲದಲ್ಲಿ ನೀರು ನಿಲ್ಲಿಸಿ ಎಂಬ ಪಾಶ್ಚಾತ್ಯ ಗ್ರಂಥಗಳ ಸೂಚನೆಯನ್ನು ನಮ್ಮಲ್ಲಿ ಮಳೆಗಾಲದಲ್ಲಿ ನೀರು ನಿಲ್ಲಿಸಿ ಎಂದು ತಿದ್ದಿ ಓದಿಕೊಳ್ಳಬೇಕು.

ಎಲೆಯ ಸಂದಿಯಲ್ಲಿ ಹತ್ತಿಯ ಚೂರಿನಂತೆ ಬೆಳ್ಳಗೆ ಕಾಣುವುದು ಹಿಟ್ಟುತಿಗಣೆ. ಇರುವೆಗಳು ಇದರ ಸಿಹಿಸ್ರಾವಕ್ಕೆ ಆಸೆಪಟ್ಟು ಗಿಡದಿಂದ ಗಿಡಕ್ಕೆ ಹೊತ್ತು ಸಾಗಿಸುವುದರಿಂದ, ಕುಂಡದ ಮೇಲೆ ಇರುವೆಸಾಲು ಕಂಡಾಗಲೇ ಎಲೆಯನ್ನು ಎತ್ತಿ ನೋಡಬೇಕು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೂ ಒರಸಿ ತೆಗೆದು, ವಾರ ಬಿಟ್ಟು ಮತ್ತೆ ನೋಡಿ, ಅಷ್ಟೇ ಸಾಕು. ಈ ತಿಗಣೆಯ ದೂರದ ಜ್ಞಾತಿಯೊಂದು ಚರಿತ್ರೆಯಲ್ಲಿ ದೊಡ್ಡ ಪಾತ್ರವನ್ನೇ ವಹಿಸಿದೆ. ಕೊಚಿನೀಲ್ ಎಂಬ ಕೆಂಪು ಬಣ್ಣವನ್ನು ಕೊಡುವ ಕೀಟವೆಂದು ತಿಳಿದು 1795ರಲ್ಲಿ ಬ್ರೆಜಿಲ್ ದೇಶದಿಂದ ಭಾರತಕ್ಕೆ ತಂದ ಹುಳು ನಿಜವಾದ ಕೊಚಿನೀಲ್ ಆಗಿರದೆ, ಬಣ್ಣದ ಲಾಭವನ್ನು ಕೊಡುವುದರ ಬದಲು ಪಾಪಾಸುಕಳ್ಳಿಯ ಒಂದು ಪ್ರಭೇದದ ಮೆಳೆಗಳನ್ನು ತಿಂದು ನಿರ್ನಾಮಮಾಡಿತು. ಆ ತಪ್ಪಿನಿಂದ ಕಲಿತ ಪಾಠ ಉಪಯೋಗಕ್ಕೆ ಬಂದು, ದಕ್ಷಿಣ ಭಾರತದ ಹೊಲಗಳನ್ನು ಆಕ್ರಮಿಸಿದ್ದ ಮತ್ತೊಂದು ಪಾಪಾಸುಕಳ್ಳಿಯನ್ನು ಅಡಗಿಸುವುದಕ್ಕೆ 1926ರಲ್ಲಿ ಆ ಹುಳುವಿನ ಸೋದರ ಕೀಟವನ್ನು ಬೇಕೆಂದೇ ತಂದು ಬಿಟ್ಟರು. ಕಿಟಕಿಯಲ್ಲಿ ಶತ್ರುವಾದುದು ಹೊಲದಲ್ಲಿ ಮಿತ್ರ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಪುಟ್ಟ ಕ್ಯಾಕ್ಟಸ್ಸಿನ ನೆತ್ತಿಯಲ್ಲಿ ಸದಾ ಅರಳಿರುವ ಒಣಹೂವು ಹಲವು ವೇಳೆ ಅಂಟಿನಿಂದ ಅಂಟಿಸಿದ್ದು. ಹಸುರು ದಂಟಿನ ಮೇಲೆ ಕೆಂಪು, ಹಳದಿ ಚೆಂಡಿನಂತೆ ಕುಳಿತ ಗಿಡ ಒಂದಲ್ಲ, ಎರಡು. ಹಸುರೇ ಇಲ್ಲದ ಮೇಲಿನದಕ್ಕೆ ತನ್ನ ಆಹಾರವನ್ನು ತಾನು ಬೇಯಿಸಿಕೊಳ್ಳುವ ಶಕ್ತಿಯಿಲ್ಲವಾಗಿ, ಕೆಳಗಿನ ಗಿಡದ ಮೇಲೆ ಕಸಿಮಾಡಿರುತ್ತಾರೆ. ಅದು ಕೆಲವೇ ವರ್ಷ ಬಾಳುವ ಪರಾವಲಂಬಿ ಜೀವನ. ನಮ್ಮ ನರ್ಸರಿಗಳಲ್ಲಿ ಜೇಡ್ ಎಂದು ಮಾರುವುದರಲ್ಲಿಯೂ ಹೆಚ್ಚಿನದು ನಿಜವಾದ ಜೇಡ್ ಆಗಿರದೆ, ದಕ್ಷಿಣ ಆಫ್ರಿಕದಲ್ಲಿ ಆನೆಗಳಿಗೆ ಮೇವಾದ, ಸ್ಪೆಕ್‌ಬೂಮ್ ಎಂದು ಅಲ್ಲಿನವರು ಕರೆಯುವ, ಚಿಕ್ಕ ಎಲೆಯ ಬೇರೊಂದು ಗಿಡ. ಇದರಲ್ಲಿ ಮೋಸವೇನೂ ಇಲ್ಲ, ಗಿಡ ಸೊಗಸಾದುದೇ. ನಾನು ಕೊಂದದ್ದೂ ಅದನ್ನೇ ಎಂದು ತಿಳಿದದ್ದು ಮಾತ್ರ ಅದು ಸತ್ತ ಮೇಲೆ.

ಸಂತಾನವನ್ನು ಹೆಚ್ಚಿಸುವುದು ಈ ಗಿಡಗಳಲ್ಲಿ ಎಷ್ಟು ಸುಲಭವೆಂದರೆ, ಕೊಂಡು ತರುವುದೇ ಅನಾವಶ್ಯಕ. ಬೆರಳುದ್ದದ ಒಂದು ರೆಂಬೆಯನ್ನು ಕತ್ತರಿಸಿ, ನೆರಳಿನಲ್ಲಿ ನಾಲ್ಕಾರು ದಿನ ಬಿಟ್ಟು ಗಾಯದ ಬಾಯಿ ಕಟ್ಟಿಕೊಂಡ ಮೇಲೆ ಒಣಮಣ್ಣಿನಲ್ಲಿ ಊರಿದರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತದೆ. ಎಚೆವೇರಿಯದ ಎಲೆಯನ್ನು ಬುಡಸಹಿತವಾಗಿ ಕಳಚಿ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿದರೆ ಸಾಕು. ಕಾಡುಬಸಳೆಯಂತೂ ಮಣ್ಣನ್ನೂ ಕೇಳುವುದಿಲ್ಲ. ಪುಸ್ತಕದ ಹಾಳೆಗಳ ನಡುವೆ ಇಟ್ಟ ಎಲೆಯ ಅಂಚಿನ ಕಚ್ಚುಗಳಲ್ಲಿ ಬೇರು ಚಿಗುರು ಸಮೇತ ಮರಿಗಳೇಳುವುದನ್ನು ನಮ್ಮಲ್ಲಿ ನೋಡದ ಮಕ್ಕಳಿಲ್ಲ. ಜರ್ಮನಿಯ ಮಹಾಕವಿ ಗಯಟೆ ಈ ಎಲೆಗೆ ಮರುಳಾಗಿ, ಅದನ್ನು ತನ್ನ ಮನೆಯಲ್ಲಿ ಬೆಳೆಸಿ, ಮಿತ್ರರಿಗೆಲ್ಲ ಮರಿಗಳನ್ನು ಕಳುಹಿಸುತ್ತಿದ್ದನು.

ಹೇಯ್ನನ ಪ್ರಯೋಗವನ್ನು ಮಾಡಿನೋಡುವ ಕುತೂಹಲ ಓದುಗರಲ್ಲಿ ಹುಟ್ಟಿದ್ದರೆ, ಸಿಕ್ಕಿದ ಎಲೆಯನ್ನೆಲ್ಲ ಬಾಯಿಗೆ ಹಾಕಬೇಡಿ. ಕಳ್ಳಿಯ ಹಾಲು ಕಣ್ಣಿಗೆ ತಗುಲಿದರೆ ಅಪಾಯ. ಮೂತ್ರಪಿಂಡದ ಕಲ್ಲಿಗೆಂದು ಜನ ಧಾರಾಳವಾಗಿ ತಿನ್ನುವ ಕಾಡುಬಸಳೆಯಲ್ಲಿ ಹೃದಯದ ಮೇಲೆ ವರ್ತಿಸುವ ವಿಷಾಂಶಗಳಿದ್ದು, ಅದರ ಬಳಗದ ಗಿಡಗಳನ್ನು ಮೇದ ದನಗಳು ಸತ್ತದ್ದುಂಟು. ನಿಜವಾದ ಜೇಡ್ ನಾಯಿ ಬೆಕ್ಕುಗಳಿಗೆ ಒಗ್ಗುವುದಿಲ್ಲ. ಆನೆಮೇವಿನ ಗಿಡ ಮಾತ್ರ ಮನುಷ್ಯರೂ ತಿನ್ನುವಂಥದು. ಅದರಲ್ಲಿ ಇನ್ನೊಂದು ಸ್ವಾರಸ್ಯವುಂಟು: ನೀರು ಸಮೃದ್ಧವಾಗಿದ್ದಾಗ ಅದು ಇತರ ಗಿಡಗಳಂತೆ ಹಗಲಿನಲ್ಲಿಯೇ ಉಸಿರಾಡುತ್ತದೆ, ಬರ ಬಂದಾಗ ಇರುಳಿನ ವೃತ್ತಿಗೆ ತಿರುಗಿಕೊಳ್ಳುತ್ತದೆ, ಮಣ್ಣು ಒಣಗಿದಂತೆ ಬೆಳಗಿನ ಎಲೆ ಹೆಚ್ಚು ಹುಳಿಯಾಗುತ್ತದೆ.

ಮರೆತುಬಿಡಿ ಎಂದ ನರ್ಸರಿಯವರ ಮಾತು ತಾಯಿಯವರ ಚೊಂಬಿಗಿಂತ ಕಡಮೆ ಹಾನಿಕರವೇ ಹೊರತು ಸರಿಯಾದುದಲ್ಲ. ಈ ಗಿಡಕ್ಕೆ ಕೈಯ ಕೆಲಸ ಕಡಮೆ, ಕಣ್ಣಿನ ಕೆಲಸ ಹೆಚ್ಚು. ಸತ್ತ ಗಿಡದಿಂದ ಕೊಳೆಯದೆ ಉಳಿದಿದ್ದ ಒಂದು ತುದಿಯನ್ನು ಅಂದು ಕತ್ತರಿಸಿ ಊರಿದ್ದೆ; ಪೂರ್ವದ ಕಿಟಕಿಯಲ್ಲಿ ಈಗ ಅದು ಒಂದು ಗೇಣು ಬೆಳೆದಿದೆ. ಅದಕ್ಕೆ ನೀರೆರೆದು ಇಂದಿಗೆ ಹತ್ತೊಂಬತ್ತು ದಿನ. ಚುಚ್ಚಿದ ಕಡ್ಡಿ ಒಣಗಿಯೇ ಹೊರಬಂದಿತು. ಕೆಳಗಿನ ಎಲೆಗಳು ಸುಕ್ಕಾಗಿವೆ. ಬೆಳಗ್ಗೆ ಹಲ್ಲುಜ್ಜುವ ಮುನ್ನವೇ ಕಿತ್ತು ಬಾಯಿಗಿಟ್ಟುಕೊಂಡ ಒಂದು ಎಲೆ ಹುಣಸೆಯ ಚಿಗುರಿನಷ್ಟು ಹುಳಿಯಾಗಿತ್ತು. ನಾಳೆ ಮುಂಜಾನೆ ಅದಕ್ಕೆ ನೀರು.